ಡೊಂಬಿವಲಿಯಿಂದ 108 ಒತ್ತಿದರೆ ಎತ್ತಿದ್ದು ಕರ್ನಾಟಕದವರು

ಮಾನ್ಯ ಸಂಪಾದಕರೇ, ನಮಸ್ಕಾರ.

ನಮ್ಮ ಮನೆಗೆ ನಿಮ್ಮ ಪತ್ರಿಕೆ ಬರಲು ಶುರುವಾಗಿ ಇಪ್ಪತ್ತು ವರ್ಷ ದಾಟಿತು. ನಾನು ಪತ್ರ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು. ಕತ್ತರಿ ಹಾಕಲೇಬೇಕು ಅಂತಾದರೆ ನನ್ನ ಹಳೇ ನೌಕರಿಯ ಪುರಾಣಕ್ಕೆ ಹಾಕಿ, ಉಳಿದದ್ದಕ್ಕೆ ಬೇಡ.

ಆಷಾಢ ಏಕಾದಶಿಯ ದಿನ. ಹೊರಗೆ ಧೋ ಅಂತ ಮಳೆ. ಸಂಜೆ ಆರೂಕಾಲು ಆಗಿರಬೇಕು. ಸೋಫಾದಲ್ಲಿ ಕೂತು ಪಂಢರಪುರದ ದರ್ಶನ ಟಿವಿಯಲ್ಲಿ ನೋಡುತ್ತಿದ್ದ ನಮ್ಮ ಯಜಮಾನರು ಏನೋ ತೊದಲಿದರು. ಅಡುಗೆಮನೆಯಿಂದ ಬಂದು ನೋಡಿದರೆ ಮೈಯೆಲ್ಲ ಬೆವರು, ಬನಿಯನ್ ಪೂರ್ತಿ ಒದ್ದೆ. ಕಣ್ಣು ತೆರೆದೇ ಇತ್ತು, ನನ್ನ ಗುರುತು ಮಾತ್ರ ಹತ್ತಿದ ಹಾಗಿರಲಿಲ್ಲ. ಇವರಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಉಪವಾಸ ಅಂತ ಮಧ್ಯಾಹ್ನದ ಊಟ ಬಿಟ್ಟಿದ್ದರು, ಗುಳಿಗೆ ಮಾತ್ರ ತಪ್ಪದೆ ನುಂಗಿದ್ದರು. ಆ ಹೊತ್ತಿನಲ್ಲಿ ನನಗೆ ಅದೆಲ್ಲ ಎಲ್ಲಿ ಹೊಳೆಯಬೇಕು? ಪಾರ್ಶ್ವವಾಯುವೇ ಹೊಡೆಯಿತು ಅಂದುಕೊಂಡೆ.

ನನ್ನ ಮೊಬೈಲು ಸತ್ತು ಮಲಗಿತ್ತು. ಮಧ್ಯಾಹ್ನವಿಡೀ ಅದರಲ್ಲಿ ಯಕ್ಷಗಾನ ನೋಡಿದ ಫಲ. ಚಾರ್ಜಿಗೆ ಹಾಕಿ ಎರಡು ನಿಮಿಷ ಕಾಯುವಷ್ಟು ತಾಳ್ಮೆ ಯಾರಿಗಿತ್ತು? ಇವರ ಮೊಬೈಲಿಗೆ ಬೆರಳಲ್ಲಿ ಗೆರೆ ಎಳೆಯುವ ಲಾಕು, ಅದು ನನಗೆ ಗೊತ್ತಿಲ್ಲ. ಮಗ ಬಾಳೆಹಣ್ಣು ತರಲು ಕೆಳಗೆ ಹೋಗಿದ್ದ, ಅವನ ಮೊಬೈಲು ಅವನ ಕಿಸೆಯಲ್ಲಿ. ಮನೆಯಲ್ಲಿದ್ದ ತಂತಿ ಫೋನನ್ನು 2019ರಲ್ಲೇ ವಾಪಸು ಕೊಟ್ಟಿದ್ದೇವೆ. ಊಟದ ಮೇಜಿನ ಮೇಲೆ ಮಗನ ಆಫೀಸಿನ ಲ್ಯಾಪ್‌ಟಾಪ್ ತೆರೆದಿತ್ತು. ಪರದೆಯ ಮೂಲೆಯಲ್ಲಿ ಫೋನಿನ ಹಾಗೆ ಅಂಕಿಗಳು. ದಿನಾ ಅದರಿಂದಲೇ ಅವನು ಗಿರಾಕಿಗಳಿಗೆ ಫೋನ್ ಮಾಡುವುದನ್ನು ನೋಡಿದ್ದೇನೆ. ಅದೊಂದು ಇಂಟರ್ನೆಟ್ ಫೋನು. ಕಂಪನಿ ಬೆಂಗಳೂರಿನದು, ಇವನು ಡೊಂಬಿವಲಿಯ ಮನೆಯಲ್ಲಿ ಕೂತು ಕೆಲಸ ಮಾಡುತ್ತಾನೆ.

108 ಒತ್ತಿದೆ. ನೀವು ಕೇಳಿದ ಎಕ್ಸ್‌ಟೆನ್ಶನ್ ಇಲ್ಲವೇ ಇಲ್ಲ ಅಂತ ಇಂಗ್ಲಿಷಿನಲ್ಲಿ ಒಬ್ಬಳು ಹಾಡಿದ ಹಾಗೆ ಹೇಳಿದಳು. ಇನ್ನೊಮ್ಮೆ ಒತ್ತಿದೆ. ಅದೇ ಹಾಡು. ಆಗ ಹಳೇ ಅಭ್ಯಾಸ ಕೈ ಹಿಡಿಯಿತು. ಆಫೀಸಿನ ಟೆಲಿಫೋನ್ ಬೋರ್ಡು ಅಂದಮೇಲೆ ಹೊರಗಿನ ಲೈನಿಗೆ ಮೊದಲು 0 ಒತ್ತಬೇಕು ಅಲ್ವಾ? ಒತ್ತಿದೆ. ರಿಂಗ್ ಆಯಿತು. ಒಬ್ಬ ಹುಡುಗಿ ಎತ್ತಿದಳು. "ಹೇಳಿ, ಯಾವ ಊರಿಂದ ಮಾತಾಡ್ತಾ ಇದ್ದೀರಾ?"

ಕನ್ನಡ! ಆ ಗಾಬರಿಯಲ್ಲೂ ಒಂದು ಕ್ಷಣ ಜೀವಕ್ಕೆ ತಂಪಾಯಿತು. ಮಹಾರಾಷ್ಟ್ರದವರು ಎಷ್ಟು ಒಳ್ಳೆಯವರು, ನಮ್ಮಂಥವರಿಗಾಗಿ ಕನ್ನಡದವರನ್ನೂ ಕೂರಿಸಿದ್ದಾರೆ ಅಂದುಕೊಂಡೆ.

"ಡೊಂಬಿವಲಿ ಪೂರ್ವ" ಅಂದೆ.

"ಯಾವ ತಾಲ್ಲೂಕು ಅಮ್ಮಾ?"

"ಕಲ್ಯಾಣ."

"ಬಸವಕಲ್ಯಾಣನಾ? ಬೀದರ್ ಜಿಲ್ಲೆ?"

"ಅಲ್ಲಮ್ಮ, ಠಾಣೆ ಜಿಲ್ಲೆ."

"ಯಾವ ಠಾಣೆ ಅಮ್ಮಾ? ಪೊಲೀಸ್ ಬೇಕಾ, ಆಂಬುಲೆನ್ಸ್ ಬೇಕಾ?"

ಬರೆಯುವಾಗ ನಾವು ಥಾಣೆ ಅಂತ ಬರೆಯುತ್ತೇವೆ. ಬಾಯಲ್ಲಿ ಬರುವುದು ಮರಾಠಿಯವರ ಠಾಣೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ನನ್ನ ಕೈಕಾಲು ನಡುಗುತ್ತಿತ್ತು. "ಮುಂಬಯಿ ಕಣಮ್ಮ, ಮುಂಬಯಿ" ಅಂತ ಕೂಗಿದೆ. ಆ ಕಡೆ ಒಂದು ಗಳಿಗೆ ಮೌನ. "ಅಮ್ಮಾ, ಇದು ಕರ್ನಾಟಕದ 108. ನಿಮ್ಮ ಕಾಲ್ ಇಲ್ಲಿಗೆ ಬಂದಿದೆ" ಅಂದಳು.

ಆ ಮಗುವನ್ನು ಮಾತ್ರ ನಾನು ಬೈಯಲಾರೆ. ಫೋನ್ ಇಡಲಿಲ್ಲ ಅವಳು. "ಸಕ್ಕರೆ ಕಾಯಿಲೆ ಇದ್ಯಾ? ಊಟ ಆಗಿದ್ಯಾ? ಕರೆದ್ರೆ ತಿರುಗ್ತಾರಾ? ನೀರು ಕೊಟ್ರೆ ನುಂಗ್ತಾರಾ?" ಅಂತ ಒಂದೊಂದಾಗಿ ಕೇಳಿದಳು. ನುಂಗುತ್ತಾರೆ ಅಂದಮೇಲೆ, ನೀರಿಗೆ ಸಕ್ಕರೆ ಕಲಸಿ ಗುಟುಕು ಗುಟುಕಾಗಿ ಕುಡಿಸಿ, ಪಕ್ಕದ ಮನೆಯವರನ್ನು ಕೂಗಿ, ಅವರ ಮೊಬೈಲಿನಿಂದ ಮತ್ತೆ 108 ಮಾಡಿಸಿ ಅಂದಳು. ಪಕ್ಕದ ಮನೆಯ ಕಾಕು ಓಡಿ ಬಂದರು. ಅವರ ಮೊಬೈಲಿನಿಂದ ಮಾಡಿದ ಕರೆ ಮಹಾರಾಷ್ಟ್ರದ 108ಕ್ಕೇ ಹೋಯಿತು, ಮರಾಠಿಯಲ್ಲೇ ಮಾತಾಡಿದರು. ಊಟವಿಲ್ಲದೆ ಗುಳಿಗೆ ನುಂಗಿ ರಕ್ತದಲ್ಲಿ ಸಕ್ಕರೆ ಇಳಿದಿತ್ತು, ಅಷ್ಟೇ. ಆಂಬುಲೆನ್ಸ್ ಬರುವ ಹೊತ್ತಿಗೆ ಸಕ್ಕರೆ ನೀರು ತನ್ನ ಕೆಲಸ ಮಾಡಿತ್ತು. ಇವರು ಎದ್ದು ಕೂತು, ಏಕಾದಶಿ ದಿನ ಯಾಕೆ ಸಕ್ಕರೆ ಕುಡಿಸಿದೆ, ವ್ರತ ಕೆಟ್ಟಿತು ಅಂತ ನನ್ನನ್ನೇ ಗದರಿಸುತ್ತಿದ್ದರು.

ಲ್ಯಾಪ್‌ಟಾಪಿನ ಪರದೆಯಲ್ಲಿ ಆ ಕರೆಯ ಲೆಕ್ಕ ಹಾಗೇ ಉಳಿದಿತ್ತು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ನಿಜವಾಗಿಯೂ ಪಾರ್ಶ್ವವಾಯುವೋ ಹೃದಯಾಘಾತವೋ ಆಗಿದ್ದರೆ?

ಸಂಪಾದಕರೇ, ನನಗೆ ಹೊಟ್ಟೆ ಉರಿಯುವುದು ಇನ್ನೊಂದು ಕಾರಣಕ್ಕೆ. 1984ರಿಂದ 2016ರ ತನಕ ನಾನು ಮುಂಬಯಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಕುಂದಾಪುರದಿಂದ ಮದುವೆಯಾಗಿ ಬಂದ ಎರಡನೇ ವರ್ಷಕ್ಕೇ ಕೆಲಸಕ್ಕೆ ಸೇರಿದೆ. ಡೊಂಬಿವಲಿ ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗಿ, ಕಿವಿಗೆ ಹೆಡ್‌ಸೆಟ್ ಏರಿಸಿ, 197ರಲ್ಲಿ ಕೂತು ಊರವರಿಗೆಲ್ಲ ನಂಬರ್ ಹುಡುಕಿ ಕೊಟ್ಟವಳು. ಅಂಥ ನನಗೇ ಹೀಗಾಯಿತು.

ನಮ್ಮ ಕಾಲದ ಫೋನಿಗೆ ಒಂದು ಗುಣ ಇತ್ತು. ನಂಬರಿಗೂ ಮನೆಗೂ ನಡುವೆ ಒಂದು ಜೋಡಿ ತಾಮ್ರದ ತಂತಿ. ಲೈನ್‌ಮನ್‌ಗಳು ಅದನ್ನು ಪೇರ್ ಅನ್ನುತ್ತಿದ್ದರು. ಈ ನಂಬರು ಅಂದರೆ ಈ ಪೇರ್, ಈ ಪೇರ್ ಅಂದರೆ ಈ ಕಟ್ಟಡದ ಈ ಮಹಡಿ. ನೀವು ಮಾತಾಡದೆ ರಿಸೀವರ್ ಕೆಳಗಿಟ್ಟರೂ ಕರೆ ಎಲ್ಲಿಂದ ಬಂತು ಅಂತ ಹುಡುಕಿ ತೆಗೆಯಬಹುದಿತ್ತು. ಫೋನಿಗೆ ಬೇಕಾದ ಕರೆಂಟೂ ಅದೇ ತಂತಿಯಲ್ಲಿ ಬರುತ್ತಿತ್ತು, ಎಕ್ಸ್‌ಚೇಂಜಿನ ಬ್ಯಾಟರಿಯಿಂದ, 48 ವೋಲ್ಟು. ಮನೆಯಲ್ಲಿ ಕತ್ತಲಾದರೂ ಫೋನಿಗೆ ಜೀವ ಇರುತ್ತಿತ್ತು. 2020ರ ಅಕ್ಟೋಬರ್ 12ರಂದು ಗ್ರಿಡ್ ಕೈಕೊಟ್ಟು ಮುಂಬಯಿಯೆಲ್ಲ ಕರೆಂಟಿಲ್ಲದೆ ಕೂತದ್ದು, ಲೋಕಲ್ ರೈಲುಗಳು ನಡುದಾರಿಯಲ್ಲಿ ನಿಂತದ್ದು ನೆನಪಿದೆಯಲ್ವಾ? ಅವತ್ತು ನಮ್ಮ ಮನೆಯ ಫೈಬರ್ ಡಬ್ಬಿಯ ಹಸಿರು ದೀಪ ಆರಿತು. ಅದಕ್ಕೆ ಆಗ ಜೋಡಿಸಿದ್ದ ಹೊಸ ಲ್ಯಾಂಡ್‌ಲೈನೂ ಅದರ ಜೊತೆಗೇ ಹೋಯಿತು. ನೋಡಲು ಅದು ಹಳೇ ಫೋನಿನ ತದ್ರೂಪ, ಒಳಗೆ ಅದೂ ಇಂಟರ್ನೆಟ್ ಫೋನೇ.

ಮೊಬೈಲು ಬಂದಾಗ ತಂತಿ ಹೋಯಿತು, ಆದರೆ ಟವರ್ ಉಳಿಯಿತು. ಡೊಂಬಿವಲಿಯ ಟವರ್ ಹಿಡಿದ ಕರೆ ಇಲ್ಲಿನ ಕಂಟ್ರೋಲ್ ರೂಮಿಗೇ ಹೋಗುವ ಹಾಗೆ ಕಂಪನಿಗಳು ದಾರಿ ಹಾಕಿಟ್ಟಿವೆ. ಅದಕ್ಕೇ ಕಾಕು ಮಾಡಿದ ಕರೆ ಸರಿಯಾದ ಜಾಗ ಸೇರಿತು. 108 ಅನ್ನುವುದು ದೇಶಕ್ಕೆಲ್ಲ ಒಂದೇ ಆಫೀಸು ಅಂತ ಬಹಳ ಜನ ತಿಳಿದಿದ್ದಾರೆ. ನಂಬರು ಒಂದೇ, ಆಫೀಸು ರಾಜ್ಯಕ್ಕೊಂದು. ಕರ್ನಾಟಕದಲ್ಲಿ 2008ರಲ್ಲಿ ಶುರುವಾಯಿತು, ಮಹಾರಾಷ್ಟ್ರದಲ್ಲಿ 2014ರಲ್ಲಿ. ಅವರ ಗಾಡಿ ಬೇರೆ, ಇವರ ಗಾಡಿ ಬೇರೆ. ಆ ಹುಡುಗಿಗೆ ಎಷ್ಟೇ ಮನಸ್ಸಿದ್ದರೂ ಡೊಂಬಿವಲಿಗೆ ಒಂದು ಆಂಬುಲೆನ್ಸ್ ಅಲ್ಲಾಡಿಸಲು ಆಗುತ್ತಿರಲಿಲ್ಲ.

ಇಂಟರ್ನೆಟ್ ಫೋನಿಗೆ ತಂತಿಯೂ ಇಲ್ಲ, ಟವರೂ ಇಲ್ಲ. ನನ್ನ ಮಾತು ನಮ್ಮ ಮನೆಯ ವೈಫೈಯಿಂದ ಹೊರಟು, ಮಗನ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ಬೆಂಗಳೂರಿನಲ್ಲಿ ಮಾಮೂಲಿ ಟೆಲಿಫೋನ್ ಜಾಲಕ್ಕೆ ಇಳಿಯಿತು. ಎಲ್ಲಿ ಇಳಿಯಿತೋ ಅದೇ ನನ್ನ ಊರು ಅಂತ ಆ ಜಾಲದ ಲೆಕ್ಕ. ಇಂಟರ್ನೆಟ್ ವಿಳಾಸ ನೋಡಿ ಪತ್ತೆ ಮಾಡಬಹುದಲ್ಲ ಅಂತ ಮಗನನ್ನು ಕೇಳಿದೆ. "ಅಮ್ಮ, ಆಫೀಸಿನ ವಿಪಿಎನ್ ಹಾಕಿರುತ್ತೇನೆ. ಹೊರಗಿನಿಂದ ನೋಡಿದವರಿಗೆ ನಾನು ಬೆಂಗಳೂರಿನಲ್ಲೇ ಕೂತ ಹಾಗೆ ಕಾಣುತ್ತೆ" ಅಂದ. ಮೂರು ವರ್ಷದಿಂದ ಇಲ್ಲೇ ಕೂತು ನನ್ನ ಕೈಯ ಸಾರು ಉಣ್ಣುತ್ತಿದ್ದಾನೆ, ಕಂಪ್ಯೂಟರಿನ ಪ್ರಕಾರ ಬೆಂಗಳೂರಿನಲ್ಲಿದ್ದಾನೆ!

ಮರುದಿನದ ಕಥೆ ಕೇಳಿ. ಬೆಳಿಗ್ಗೆ ಹತ್ತು ಗಂಟೆಗೇ ಅವನ ಆಫೀಸಿನ ಐಟಿಯವರಿಂದ ಮೇಲ್. ನಿನ್ನ ಎಕ್ಸ್‌ಟೆನ್ಶನ್‌ನಿಂದ ನಿನ್ನೆ ಸಂಜೆ 108ಕ್ಕೆ ಕರೆ ಹೋಗಿದೆ, ಕಾರಣ ತಿಳಿಸು ಅಂತ. ಯಾರ ಮೇಜಿನಿಂದ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಎಲ್ಲ ಅವರ ಬಳಿ ಇದೆ. ಆಂಬುಲೆನ್ಸಿನವರಿಗೆ ಬೇಕಾದ ಒಂದೇ ಒಂದು ವಿಷಯ, ಈ ಮನುಷ್ಯ ಎಲ್ಲಿದ್ದಾನೆ ಅನ್ನುವುದು ಮಾತ್ರ ಇಲ್ಲ. ಮಗ ನಡೆದದ್ದನ್ನೆಲ್ಲ ಬರೆದ. 0 ಇಲ್ಲದೆಯೇ 108, ಎಲ್ಲ ತುರ್ತಿಗೂ ಒಂದೇ ಆದ 112 ಹೋಗುವ ಹಾಗೆ ಮಾಡಿ, ಮನೆಯಿಂದ ಕೆಲಸ ಮಾಡುವವರು ಇದರಿಂದ ತುರ್ತು ಕರೆ ಮಾಡಬೇಡಿ ಅಂತ ಪರದೆಯ ಮೇಲೆ ಎರಡು ಸಾಲು ಹಾಕಿ ಅಂತ ಕೇಳಿದ. ನಾಲ್ಕು ದಿನ ಬಿಟ್ಟು ಉತ್ತರ ಬಂತು. ಆಫೀಸಿನ ಸಲಕರಣೆಯನ್ನು ಮನೆಯವರು ಬಳಸುವಂತಿಲ್ಲ, ನಿಮ್ಮ ದೂರಿನ ಟಿಕೆಟ್ ಮುಚ್ಚಲಾಗಿದೆ. ಹೋಗಲಿ, ಅಮ್ಮ ಮುಟ್ಟಬಾರದು ಸರಿ. ಇವನೇ ಕುರ್ಚಿಯಿಂದ ಬಿದ್ದರೆ? ಅವನೂ ಅದೇ 108 ಒತ್ತಬೇಕಲ್ಲ.

ಇದು ನನ್ನೊಬ್ಬಳ ಗೋಳಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಟೆಕ್ಸಸ್‌ನಲ್ಲಿ 2013ರ ಡಿಸೆಂಬರಿನಲ್ಲಿ ಒಂದು ಹೋಟೆಲ್ ಕೋಣೆಯಲ್ಲಿ ಒಬ್ಬ ತಾಯಿಯ ಮೇಲೆ ಹಲ್ಲೆ ಆಯಿತು. ಒಂಬತ್ತು ವರ್ಷದ ಮಗಳು ಕೋಣೆಯ ಫೋನಿನಿಂದ ಅಲ್ಲಿನ ತುರ್ತು ನಂಬರು 911 ಅನ್ನು ನಾಲ್ಕು ಸಲ ಒತ್ತಿದಳು. ಶಾಲೆಯಲ್ಲಿ ಕಲಿಸಿದ್ದು ಅದನ್ನೇ. ಹೊರಗಿನ ಲೈನಿಗೆ ಮೊದಲು ಇನ್ನೊಂದು 9 ಒತ್ತಬೇಕು ಅಂತ ಆ ಕೂಸಿಗೆ ಯಾರು ಹೇಳಬೇಕು? ತಾಯಿ ಉಳಿಯಲಿಲ್ಲ. ಆಕೆಯ ಹೆಸರಿನಲ್ಲೇ 2018ರಲ್ಲಿ ಅಲ್ಲಿ ಕಾನೂನು ಬಂತು. 2020ರ ಫೆಬ್ರವರಿ 16ರ ಮೇಲೆ ಹೊಸದಾಗಿ ಹಾಕುವ ಯಾವ ಆಫೀಸು, ಹೋಟೆಲಿನ ಬೋರ್ಡಿನಲ್ಲೂ 911 ನೇರವಾಗಿ ಹೋಗಬೇಕು, ಅದಕ್ಕೆ ಮೊದಲು ಬೇರೆ ಯಾವ ಅಂಕಿಯೂ ಬೇಕಾಗಬಾರದು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಬೋರ್ಡುಗಳ ಮುಂದೆ ಮೂವತ್ತೆರಡು ವರ್ಷ ಇದ್ದವಳು ನಾನು. 0 ಒತ್ತುವುದು ನಮಗೆ ಉಸಿರಾಡಿದಷ್ಟು ಸಹಜ. ಗೊತ್ತಿಲ್ಲದವರ ಗತಿ ಏನು ಅಂತ ಒಂದು ದಿನವೂ ಯೋಚಿಸಲಿಲ್ಲ.

ಕೆನಡಾದಲ್ಲಿ 2008ರಲ್ಲಿ ನಡೆದದ್ದು ಇನ್ನೂ ನನ್ನ ಕಥೆಯ ಹತ್ತಿರ. ಒಂದು ಕುಟುಂಬ ಒಂಟಾರಿಯೋ ಪ್ರಾಂತ್ಯ ಬಿಟ್ಟು ಕ್ಯಾಲ್ಗರಿಗೆ ಬಂದಿತ್ತು, ಇಂಟರ್ನೆಟ್ ಫೋನನ್ನೂ ಜೊತೆಗೆ ತಂದಿತ್ತು. ಪುಟ್ಟ ಮಗುವಿಗೆ ಹುಷಾರು ತಪ್ಪಿದಾಗ 911 ಮಾಡಿದರು. ಕಂಪನಿಯ ದಾಖಲೆಯಲ್ಲಿ ಇದ್ದದ್ದು ಹಳೇ ಮನೆಯ ವಿಳಾಸ. ಆಂಬುಲೆನ್ಸ್ ಆ ಮನೆಗೇ ಹೋಯಿತು, ಸಾವಿರಾರು ಕಿಲೋಮೀಟರ್ ಆಚೆಗಿನ ಮಿಸ್ಸಿಸಾಗಕ್ಕೆ. ಮಗು ಬದುಕಲಿಲ್ಲ.

ನಮ್ಮಲ್ಲಿ ನಿಯಮ ಏನು ಹೇಳುತ್ತದೆ? 2017ರ ಅಕ್ಟೋಬರಿನಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಇಂಟರ್ನೆಟ್ ಟೆಲಿಫೋನಿನ ಬಗ್ಗೆ ಶಿಫಾರಸು ಕೊಟ್ಟಿತು. ತುರ್ತು ನಂಬರಿನ ಸೌಲಭ್ಯ ಕೊಡಲು ಕಂಪನಿಗಳಿಗೆ ಪ್ರೋತ್ಸಾಹ ಕೊಡಿ, ಸದ್ಯಕ್ಕೆ ಕಡ್ಡಾಯ ಬೇಡ, ಆದರೆ ಈ ಸೇವೆಗೆ ಇಂಥ ಮಿತಿ ಇದೆ ಅಂತ ಗ್ರಾಹಕರಿಗೆ ಬಿಡಿಸಿ ಹೇಳಬೇಕು ಅಂದಿತು. 2018ರಲ್ಲಿ ಸರ್ಕಾರ ಲೈಸೆನ್ಸಿನ ಷರತ್ತು ತಿದ್ದಿ ಇಂಟರ್ನೆಟ್ ಫೋನಿಗೆ ದಾರಿ ಬಿಟ್ಟಿತು. ಬಿಡಿಸಿ ಹೇಳುವುದು ಅಂದರೆ ಏನು ಅನ್ನುವುದೇ ನನ್ನ ತಕರಾರು. ವಾಟ್ಸಾಪಿನ ಷರತ್ತುಗಳಲ್ಲೂ ಪೊಲೀಸ್, ಅಗ್ನಿಶಾಮಕ, ಆಸ್ಪತ್ರೆಯಂಥ ತುರ್ತು ಸೇವೆಗೆ ನಮ್ಮಲ್ಲಿ ಸಂಪರ್ಕ ಇಲ್ಲ, ಬೇರೆ ಫೋನ್ ಇಟ್ಟುಕೊಳ್ಳಿ ಅಂತ ಬರೆದಿದೆ. ಒಪ್ಪುತ್ತೇನೆ ಅಂತ ಒತ್ತುವ ಮೊದಲು ಅದನ್ನು ಓದಿದವರು ನಿಮ್ಮ ಓದುಗರಲ್ಲಿ ಎಷ್ಟು ಮಂದಿ? ನಾನಂತೂ ಓದಿರಲಿಲ್ಲ.

ಅಮೆರಿಕದವರು 2005ರಲ್ಲೇ ಒಂದು ಸರಳ ಕೆಲಸ ಮಾಡಿದರು. ಇಂಟರ್ನೆಟ್ ಫೋನ್ ಮಾರುವ ಕಂಪನಿಗಳು ಗ್ರಾಹಕರಿಗೆ ಒಂದು ಸ್ಟಿಕ್ಕರ್ ಕೊಡಬೇಕು, ತುರ್ತು ಕರೆ ಸರಿಯಾಗಿ ಹೋಗದೇ ಇರಬಹುದು ಅಂತ ಅದರಲ್ಲಿ ಬರೆದಿರಬೇಕು, ಫೋನಿನ ಮೇಲೋ ಪಕ್ಕದಲ್ಲೋ ಅಂಟಿಸಲು ಹೇಳಬೇಕು. ನೋಡಿ, ಎಷ್ಟು ಸುಲಭ! ನಮ್ಮಲ್ಲಿ ಫೈಬರ್ ಹಾಕಲು ಬಂದ ಹುಡುಗರು ಗೋಡೆಗೆ ತೂತು ಕೊರೆದು, ಸಿಮೆಂಟ್ ಧೂಳು ನನಗೆ ಗುಡಿಸಲು ಬಿಟ್ಟು, ಡಬ್ಬಿಯ ಮೇಲೆ ಕಂಪನಿಯ ಹೆಸರಿನ ಎರಡೆರಡು ಸ್ಟಿಕ್ಕರ್ ಅಂಟಿಸಿ ಹೋದರು. ಕರೆಂಟ್ ಹೋದರೆ ಈ ಫೋನ್ ಸಾಯುತ್ತದೆ ಅಂತ ಮೂರನೆಯದೊಂದನ್ನು ಅಂಟಿಸಿದ್ದರೆ ಏನು ಖರ್ಚಾಗುತ್ತಿತ್ತು? ಮರಾಠಿಯಲ್ಲಿ ಇದ್ದರೂ ಸಾಕು, ನಮಗೆ ಓದಲು ಬರುತ್ತದೆ.

ನಮ್ಮ ನಾದಿನಿ ಮುಲುಂಡಿನಲ್ಲಿ ಒಬ್ಬರೇ ಇರುತ್ತಾರೆ, ಮಗಳು ನ್ಯೂಜೆರ್ಸಿಯಲ್ಲಿ. ಒಂದು ಸಲ ವಿಡಿಯೋದಲ್ಲಿ ಮಾತಾಡುತ್ತಿದ್ದಾಗಲೇ ನಾದಿನಿಗೆ ತಲೆ ತಿರುಗಿ ಕುರ್ಚಿಯಲ್ಲೇ ವಾಲಿದರು. ಮಗಳು ಅಲ್ಲಿಂದ 911 ಮಾಡಿದಳು. ಅಲ್ಲಿನ ಪೊಲೀಸರು ಮುಲುಂಡಿಗೆ ಬರುತ್ತಾರಾ? 91 ಸೇರಿಸಿ 108 ಒತ್ತಿದಳು, ಕರೆಯೇ ಹೋಗಲಿಲ್ಲ. ಮೂರಂಕಿಯ ನಂಬರು ಆಯಾ ಊರಿನ ಒಳಗೆ ಮಾತ್ರ ಓಡುವಂಥದ್ದು. ಕೊನೆಗೆ ಸೊಸೈಟಿಯ ಸೆಕ್ರೆಟರಿಯ ಮೊಬೈಲ್ ನಂಬರ್ ಸಿಕ್ಕಿ ವಾಚ್‌ಮ್ಯಾನ್ ಓಡಿ ಬಂದ. ಆಮೇಲಿಂದ ನಾನು ನಮ್ಮ ಬಳಗದವರಿಗೆಲ್ಲ ಹೇಳುತ್ತಿದ್ದೇನೆ. ದುಬೈ, ಅಮೆರಿಕ, ಬೆಂಗಳೂರು, ಎಲ್ಲೇ ಇರುವ ಮಕ್ಕಳಿಗೂ ಹತ್ತಿರದ ಆಸ್ಪತ್ರೆಯ, ಪೊಲೀಸ್ ಸ್ಟೇಷನ್ನಿನ ಪೂರ್ತಿ ನಂಬರು ಕೊಡಿ. ಮುಂಬಯಿಯಾದರೆ 91 22, ನಮ್ಮ ಡೊಂಬಿವಲಿಯಾದರೆ 91 251 ಸೇರಿಸಿ ಬರೆದು ಕೊಡಿ. ಪಕ್ಕದ ಮನೆಯವರದ್ದೂ ಕೊಡಿ. ನಮಗೆ ಮೊದಲು ಓಡಿ ಬಂದದ್ದು ಕಾಕು ತಾನೇ?

ನನ್ನ ತಪ್ಪೂ ಹೇಳಿಬಿಡುತ್ತೇನೆ. ಇವರ ಮೊಬೈಲಿಗೆ ಲಾಕಿತ್ತು ಅಂದೆನಲ್ಲ, ಆ ಲಾಕಿನ ಪರದೆಯ ಕೆಳಗೇ ತುರ್ತು ಕರೆ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಒತ್ತಿದರೆ ಗೆರೆ ಎಳೆಯದೆಯೇ 112 ಮಾಡಬಹುದು. 112 ಅನ್ನುವ ನಂಬರು ಮೊಬೈಲಿಗೆ ಹುಟ್ಟಿನಿಂದಲೇ ಗೊತ್ತು. ನಮ್ಮ ಕಂಪನಿಯ ಟವರ್ ಸಿಗದಿದ್ದರೆ ಬೇರೆ ಕಂಪನಿಯ ಟವರ್ ಹಿಡಿದಾದರೂ ಆ ಕರೆ ದಾಟಿಸಲು ನೋಡುತ್ತದೆ. ಪವರ್ ಬಟನ್ ಬೇಗ ಬೇಗ ಮೂರು ಸಲ ಒತ್ತಿದರೆ, ಗುಂಡಿಯ ಸಾದಾ ಫೋನಾದರೆ 5 ಅಥವಾ 9 ಒತ್ತಿ ಹಿಡಿದರೆ ತುರ್ತು ಕರೆ ಹೋಗುವಂತೆ ಇರಬೇಕು ಅಂತ 2016ರಲ್ಲೇ ನಿಯಮ ಮಾಡಿದ್ದಾರೆ. ಇದನ್ನೆಲ್ಲ ಮಗ ಆಮೇಲೆ ಕೂರಿಸಿ ಹೇಳಿಕೊಟ್ಟ. ಟೆಲಿಫೋನಿನಲ್ಲೇ ತಲೆ ನೆರೆದವಳಿಗೆ ಮಗ ಫೋನ್ ಹೇಳಿಕೊಡುವ ಕಾಲ!

ಹಾಗಾಗಿ ಟೆಲಿಕಾಂ ಇಲಾಖೆಯವರಿಗೆ ನಿಮ್ಮ ಮೂಲಕ ಕೇಳುವುದು ಇಷ್ಟೇ. ಆಫೀಸು ಬೋರ್ಡುಗಳಲ್ಲಿ 112 ಒತ್ತಿದರೆ 0 ಇಲ್ಲದೆ ಹೋಗಬೇಕು, ಅದನ್ನು ಕಡ್ಡಾಯ ಮಾಡಿ. ಇಂಟರ್ನೆಟ್ ಫೋನಿನಿಂದ ತುರ್ತು ಕರೆ ಸರಿಯಾದ ಊರಿಗೆ ಹೋಗುವುದು ಖಾತರಿ ಇಲ್ಲ ಅಂತಾದರೆ, ಆ ಅಂಕಿ ಒತ್ತಿದ ಕೂಡಲೇ ಪರದೆಯ ಮೇಲೆ ದೊಡ್ಡದಾಗಿ ಬರಲಿ, ಮೊಬೈಲಿನಿಂದ ಮಾಡಿ ಅಂತ. ನನಗೆ ಆ ಹಾಡಿನ ಹುಡುಗಿಯ ಬದಲು ಅಷ್ಟು ಹೇಳಿದ್ದರೆ ನಾಲ್ಕು ನಿಮಿಷ ಉಳಿಯುತ್ತಿತ್ತು. ಕರೆ ತಪ್ಪಿ ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿಂದಲೇ ಸರಿಯಾದ ರಾಜ್ಯಕ್ಕೆ ಜೋಡಿಸುವ ಏರ್ಪಾಡೂ ಬೇಕು. ನಾವು ಕೈಯಲ್ಲಿ ಪ್ಲಗ್ ಚುಚ್ಚಿ ಊರಿಂದೂರಿಗೆ ಟ್ರಂಕ್ ಕಾಲ್ ಜೋಡಿಸುತ್ತಿದ್ದೆವು, ಈಗಿನವರಿಗೆ ಅದೇನು ಕಷ್ಟ?

ಅಲ್ಲಿಯ ತನಕ ನನ್ನ ಕೈಲಾದದ್ದು ನಾನು ಮಾಡಿದ್ದೇನೆ. ಹಳೇ ಕ್ಯಾಲೆಂಡರಿನ ಹಿಂಬದಿ ಹರಿದು, ಕೆಂಪು ಸ್ಕೆಚ್ ಪೆನ್ನಿನಲ್ಲಿ "ಇದರಲ್ಲಿ 108 ಒತ್ತಬೇಡಿ, ಬೆಂಗಳೂರಿಗೆ ಹೋಗುತ್ತದೆ" ಅಂತ ಬರೆದು ಮಗನ ಲ್ಯಾಪ್‌ಟಾಪಿಗೆ ಅಂಟಿಸಿದೆ, ಕೀಗಳ ಪಕ್ಕ ಸ್ವಲ್ಪ ಜಾಗ ಇದೆ ನೋಡಿ, ಅಲ್ಲಿ. ಆಫೀಸಿನ ಸಲಕರಣೆ ಅಂತ ಎರಡು ಸಲ ಕಿತ್ತು ಹಾಕಿದ. ಮೂರನೇ ಸಲ ಫೆವಿಕ್ವಿಕ್ ಹಾಕಿದ್ದೇನೆ.

ಇತಿ,
ಒಬ್ಬ ನಿವೃತ್ತ ಟೆಲಿಫೋನ್ ಆಪರೇಟರ್
ಡೊಂಬಿವಲಿ ಪೂರ್ವ